ಲೂ ವಿಟೇಕರ್ ಬಗ್ಗೆ ನೀವು ಕೇಳಿದ್ದಕ್ಕೆ

ಡೆಟ್ರಾಯಿಟ್‌ಗೆ ಬಂದು ಮೂರು ವಾರವಾದ ನೀವು ಬಾಡಿಗೆ ಮನೆ, ಚಳಿಗಾಲಗಳ ಜೊತೆಗೆ ಇನ್ನೊಂದನ್ನೂ ಕೇಳಿದ್ದೀರಿ: ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ವಾದಿಸುವಂತೆ ಇಲ್ಲಿನ ಟೈಗರ್ಸ್ ತಂಡದ ಹಳೆಯ ಆಟಗಾರ ಲೂ ವಿಟೇಕರ್, ಶ್ರೇಷ್ಠರನ್ನು ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ನಿಜಕ್ಕೂ ಅರ್ಹರೇ, ಆ ಮಾತಿಗೂ ನಮಗೂ ಏನು ಸಂಬಂಧ ಎಂದು. ಮನೆಯನ್ನು ಆಫೀಸಿನ ಹತ್ತಿರ ಹಿಡಿಯಿರಿ, ಹಿಮದ ಟೈರುಗಳನ್ನು ಮೊದಲೇ ಹಾಕಿಸಿ. ಉಳಿದದ್ದು ತಾನಾಗಿ ತಿಳಿಯುತ್ತದೆ. ವಿಟೇಕರ್ ವಿಷಯವನ್ನು ಮಾತ್ರ ನಿಧಾನವಾಗಿ ಹೇಳಬೇಕು.

1989ರ ಬೇಸಿಗೆಯಲ್ಲಿ ನಾನು ಬಂದಾಗ ಪಕ್ಕದ ಮನೆಯ ಹಿರಿಯರು ಸಂಜೆ ಜಗಲಿಯಲ್ಲಿ ರೇಡಿಯೋ ಇಟ್ಟುಕೊಂಡು ಅರ್ನಿ ಹಾರ್ವೆಲ್ ಅವರ ವೀಕ್ಷಕ ವಿವರಣೆ ಕೇಳುತ್ತಿದ್ದರು. ಒಬ್ಬ ಆಟಗಾರ ಬ್ಯಾಟು ಹಿಡಿದು ಬಂದಾಗಲೆಲ್ಲ ಜನರಿಂದ ‘ಊ...’ ಎಂಬ ದೊಡ್ಡ ದನಿ ಏಳುತ್ತಿತ್ತು. ಪಾಪ, ತಮ್ಮವನನ್ನೇ ದಿನವೂ ಹೀಗೆ ಮೂದಲಿಸುತ್ತಾರಲ್ಲ ಎಂದುಕೊಂಡಿದ್ದೆ. ಅದು ‘ಲೂ’ ಎಂಬ ಅಕ್ಕರೆಯ ಕೂಗು ಎಂದು ತಿಳಿಸಿದ ಆ ಹಿರಿಯರು, ಕಾಫಿ ಲೋಟಗಳನ್ನು ಓಟಗಾರ ಮುಟ್ಟಬೇಕಾದ ಬೇಸ್‌ಗಳಂತೆ ಮೆಟ್ಟಿಲ ಮೇಲಿಟ್ಟು, ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅಲನ್ ಟ್ರ್ಯಾಮೆಲ್ ಎಸೆದ ಚೆಂಡನ್ನು ವಿಟೇಕರ್ ಎರಡನೇ ಬೇಸ್‌ನಲ್ಲಿ ಹಿಡಿದು, ಅದೇ ಹೆಜ್ಜೆಯಲ್ಲಿ ತಿರುಗಿ ಮೊದಲನೆಯದಕ್ಕೆ ಎಸೆದು ಇಬ್ಬರನ್ನು ಔಟ್ ಮಾಡುವ ಬಗೆಯನ್ನು ತೋರಿಸಿದರು.

ವಿಟೇಕರ್ 1977ರಿಂದ 1995ರವರೆಗೆ ಟೈಗರ್ಸ್ ತಂಡವೊಂದಕ್ಕೇ ಆಡಿದರು. 2,369 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), 244 ಹೋಮ್ ರನ್, ಫೀಲ್ಡಿಂಗ್‌ಗೆ ಕೊಡುವ ಮೂರು ಗೋಲ್ಡ್ ಗ್ಲೋವ್ ಪ್ರಶಸ್ತಿ, 1984ರ ವರ್ಲ್ಡ್ ಸೀರೀಸ್ ಚಾಂಪಿಯನ್ ಪಟ್ಟ ಎಲ್ಲವೂ ಅವರ ಹೆಸರಿನಲ್ಲಿವೆ. ಆದರೂ 2001ರಲ್ಲಿ ಹಾಲ್ ಆಫ್ ಫೇಮ್ ಆಯ್ಕೆಗೆ ಮತ ಹಾಕುವ 515 ಪತ್ರಕರ್ತರ ಪೈಕಿ 15 ಮಂದಿ ಮಾತ್ರ ಮತ ಹಾಕಿದರು, ಶೇ. 5 ಕೂಡ ಬಾರದ್ದರಿಂದ ಮೊದಲ ವರ್ಷವೇ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಕಾರಣ ನನಗೆ ಕಾಣುವುದು ಇಷ್ಟು: ಅವರ ಬ್ಯಾಟಿಂಗ್ ಸರಾಸರಿ .276 (ಸಾವಿರ ಯತ್ನಕ್ಕೆ 276 ಹಿಟ್), ಅದು ಕಣ್ಣು ಕುಕ್ಕುವಂಥದ್ದಲ್ಲ; ತಾಳ್ಮೆಯಿಂದ ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು, ಹೊಡೆಯದೆಯೇ ಮೊದಲ ಬೇಸ್ ಗಳಿಸಿದ 1,197 ವಾಕ್‌ಗಳಿಗೆ ಆಗ ಬೆಲೆ ಕಟ್ಟುವವರು ಕಡಿಮೆ. ಜೊತೆಗಾರ ಟ್ರ್ಯಾಮೆಲ್ 2018ರಲ್ಲಿ ಒಳಗೆ ಹೋದ ಮೇಲೂ ವಿಟೇಕರ್ ಹೊರಗೇ ಉಳಿದದ್ದನ್ನು ನಾನು ಅನ್ಯಾಯವೆಂದೇ ಹೇಳುತ್ತೇನೆ.

1995ರ ಸೆಪ್ಟೆಂಬರ್‌ನಲ್ಲಿ ಆ ಹಿರಿಯರು ಎರಡು ಟಿಕೆಟ್ ಹಿಡಿದು ಬಂದು, ‘ಇದೇ ಅವನ ಕೊನೆಯ ವರ್ಷವಿರಬೇಕು, ಬಾ’ ಎಂದರು. ನಾನು ಓವರ್‌ಟೈಮ್ ಇದೆಯೆಂದು ನೆಪ ಹೇಳಿದೆ. ಇವರ ಆಟ ನಮಗೇಕೆ ಎಂಬುದು ಮನಸ್ಸಿನಲ್ಲಿದ್ದ ನಿಜವಾದ ಮಾತು. ಅವರು ಒಬ್ಬರೇ ಹೋದರು, ಮತ್ತೆಂದೂ ಕರೆಯಲಿಲ್ಲ. ಆ ಹಳೆಯ ಕ್ರೀಡಾಂಗಣ ಈಗಿಲ್ಲ, ಅವರೂ ಇಲ್ಲ. 2022ರಲ್ಲಿ ತಂಡವು ವಿಟೇಕರ್ ಅವರ ಜರ್ಸಿಯ 1ನೇ ಸಂಖ್ಯೆಯನ್ನು ಶಾಶ್ವತವಾಗಿ ಅವರಿಗೇ ಮೀಸಲಿಟ್ಟ ದಿನ ಟಿವಿಯಲ್ಲಿ ಅದೇ ‘ಲೂ’ ಕೇಳಿದಾಗ, ನನ್ನ ಕಣ್ಣು ಪಕ್ಕದ ಮನೆಯ ಜಗಲಿಯತ್ತ ಹೋಯಿತು.

ನಿಮ್ಮನ್ನು ಯಾರಾದರೂ ಟೈಗರ್ಸ್ ಈಗ ಆಡುವ ಕೊಮೆರಿಕಾ ಪಾರ್ಕ್‌ಗೆ ಕರೆದರೆ, ಆಫೀಸಿನ ಕೆಲಸವನ್ನು ಮರುದಿನಕ್ಕೆ ಇಟ್ಟು ಹೋಗಿ.