ಆ ಕಟ್ ಅಲ್ಲೇ ಯಾಕೆ?

ಪ್ರಶ್ನೆ: ಟಿವಿ ಸುದ್ದಿ ವಿಭಾಗದಲ್ಲಿ ವರ್ಷಗಟ್ಟಲೆ ವಿಡಿಯೋ ಎಡಿಟರ್ ಆಗಿದ್ದೆ, ಈಗ ಬುಲೆಟಿನ್ ಪ್ರೊಡ್ಯೂಸರ್. ಹೊಸಬರಿಗೆ ಕೆಲಸ ಕಲಿಸುವುದು ನನಗೆ ತುಂಬಾ ಇಷ್ಟ. ಪತ್ರಿಕೋದ್ಯಮವನ್ನು ಹೇಗೆ ಕಲಿಸಬೇಕು ಅನ್ನುವುದರ ಮೇಲೆಯೇ ಪಿಎಚ್‌.ಡಿ. ಮಾಡಬೇಕೆಂದಿದ್ದೇನೆ. ‘ಮಾಧ್ಯಮ ಶಿಕ್ಷಣ ಮತ್ತು ವೃತ್ತಿಯ ನಡುವಿನ ಅಂತರ’ ಎಂಬ ವಿಷಯ ಹಿಡಿದು ಒಬ್ಬ ಪ್ರಾಧ್ಯಾಪಕರ ಹತ್ತಿರ ಹೋದೆ. ‘ವಿಷಯ ಇದೆ, ಪ್ರಶ್ನೆ ಎಲ್ಲಿದೆ?’ ಎಂದರು. ಹಾಗಾದರೆ ನನ್ನ ಅನುಭವಕ್ಕೆ ಅಲ್ಲಿ ಬೆಲೆಯೇ ಇಲ್ಲವಾ? ನಮ್ಮ ನ್ಯೂಸ್‌ರೂಮಿನಲ್ಲೇ ಅಧ್ಯಯನ ಮಾಡಬಹುದಾ?

ಉತ್ತರ: ಬೆಲೆ ಇದೆ, ಜಾಸ್ತಿಯೇ ಇದೆ. ಆದರೆ ನಿಮ್ಮ ಅನುಭವ ಉತ್ತರವಲ್ಲ. ಒಳ್ಳೆಯ ಪ್ರಶ್ನೆ ಹುಟ್ಟುವ ಜಾಗ ಅದು. ನಾನೂ ಪಿಸಿಆರ್‌ನ (ಬುಲೆಟಿನ್ ಪ್ರಸಾರವನ್ನು ನಿಯಂತ್ರಿಸುವ ಕೋಣೆಯ) ಕುರ್ಚಿಯಿಂದ ಎದ್ದು ಸಂಶೋಧನೆಗೆ ಬಂದವಳು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

‘ಅಂತರ’ದ ಮಾತು ಎಲ್ಲರೂ ಆಡುತ್ತಾರೆ. ಕಾಲೇಜಿನಲ್ಲಿ ಏನೂ ಕಲಿಸುವುದಿಲ್ಲ ಅಂತ ಡೆಸ್ಕಿನವರು, ಡೆಸ್ಕಿನಲ್ಲಿ ಯೋಚನೆ ಮಾಡಲು ಬಿಡುವುದಿಲ್ಲ ಅಂತ ಮೇಷ್ಟ್ರುಗಳು. ಎರಡೂ ಅಭಿಪ್ರಾಯ. ಸಂಶೋಧನೆಗೆ ಬೇಕಾದದ್ದು ಕಣ್ಣಿಟ್ಟು ನೋಡಬಹುದಾದ ಒಂದು ಸಂಗತಿ.

ಅಂಥದ್ದು ನಿಮ್ಮ ಎಡಿಟ್ ಬೇಯಲ್ಲೇ ಇದೆ. ಮಗನನ್ನು ಕಳೆದುಕೊಂಡ ತಾಯಿಯ ಬೈಟ್, ಅಂದರೆ ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು, ಬಂದಿದೆ ಅಂದುಕೊಳ್ಳಿ. ನಲವತ್ತು ಸೆಕೆಂಡು. ಪ್ಯಾಕೇಜಿನಲ್ಲಿ, ಅಂದರೆ ಪ್ರಸಾರಕ್ಕೆ ಸಿದ್ಧವಾಗುವ ವರದಿಯಲ್ಲಿ, ಜಾಗ ಇರುವುದು ಹನ್ನೆರಡಕ್ಕೆ. ಆಕೆ ಮೊದಲು ಆಸ್ಪತ್ರೆಯಲ್ಲಿ ಏನಾಯಿತು ಅಂತ ಹೇಳುತ್ತಾರೆ, ಆಮೇಲೆ ಗಂಟಲು ಕಟ್ಟುತ್ತದೆ. ಎಡಿಟರ್ ವಿಡಿಯೋವನ್ನು ಸರಸರ ಹಿಂದೆ ಮುಂದೆ ಓಡಿಸಿ, ಅಳು ಶುರುವಾಗುವ ಫ್ರೇಮಿಗೆ ಇನ್ ಪಾಯಿಂಟ್ (ತುಣುಕು ಶುರುವಾಗುವ ಗುರುತು) ಹಾಕುತ್ತಾನೆ. ಆಸ್ಪತ್ರೆಯ ಮಾತು ಹೋಯಿತು, ಅಳು ಉಳಿಯಿತು. ಪಕ್ಕದಲ್ಲಿ ಕೂತ ಇಂಟರ್ನ್‌ಗೆ ಅವನು ಏನೂ ಹೇಳುವುದಿಲ್ಲ, ಹೇಳಲು ಪುರುಸೊತ್ತೂ ಇಲ್ಲ. ಮುಂದಿನ ವಾರ ಇಂಟರ್ನ್ ತಾನೇ ಒಂದು ಬೈಟ್ ಕತ್ತರಿಸುವಾಗ ಅವಳ ಕೈ ಕೂಡ ಸೀದಾ ಅಳುವಿನ ಜಾಗಕ್ಕೇ ಹೋಗುತ್ತದೆ. ಯಾರು ಕಲಿಸಿದರು? ಯಾವ ಸಿಲಬಸ್ಸಿನಲ್ಲಿತ್ತು? ನೋಡಿ, ಇದು ಪ್ರಶ್ನೆ.

ಈ ದಾರಿಯಲ್ಲಿ ನಿಮಗಿಂತ ಮುಂಚೆ ನಡೆದವರಿದ್ದಾರೆ. ವಾರೆನ್ ಬ್ರೀಡ್ ಮೊದಲು ವರದಿಗಾರರಾಗಿದ್ದವರು, ಆಮೇಲೆ ಸಮಾಜಶಾಸ್ತ್ರಕ್ಕೆ ಬಂದರು. ಪತ್ರಿಕೆಯ ಧೋರಣೆಯನ್ನು ಹೊಸಬರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಆದರೂ ಅವರು ಅದನ್ನು ಹೀರಿಕೊಳ್ಳುತ್ತಾರೆ ಅಂತ 1955ರಲ್ಲೇ ಬರೆದರು. ಡೇವಿಡ್ ಮ್ಯಾನಿಂಗ್ ವೈಟ್ ಇನ್ನೂ ಸರಳವಾದ ಕೆಲಸ ಮಾಡಿದರು. 1949ರಲ್ಲಿ ಒಂದು ವಾರ, ಅಮೆರಿಕದ ಒಂದು ಸಣ್ಣ ನಗರದ ಪತ್ರಿಕೆಯ ವೈರ್ ಎಡಿಟರ್ (ಸುದ್ದಿಸಂಸ್ಥೆಗಳಿಂದ ಬರುವ ಸುದ್ದಿ ಆರಿಸುವವರು) ಕೈಬಿಟ್ಟ ಪ್ರತಿ ಸುದ್ದಿಯನ್ನೂ ಎತ್ತಿಡಲು ಹೇಳಿ, ಯಾಕೆ ಬಿಟ್ಟಿರಿ ಅಂತ ಅದರ ಮೇಲೇ ಬರೆಸಿದರು. ಬಂದ ಸುದ್ದಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಪತ್ರಿಕೆಗೆ ಹೋಗಿರಲಿಲ್ಲ. ಒಬ್ಬ ಮನುಷ್ಯ, ಒಂದು ವಾರ, ಒಂದು ಪ್ರಶ್ನೆ. 1950ರಲ್ಲಿ ಅಚ್ಚಾದ ಆ ಲೇಖನವನ್ನು ಈಗಲೂ ಓದುತ್ತಾರೆ. ನಿಮ್ಮ ವಿಷಯವನ್ನೂ ಅಷ್ಟು ಸಣ್ಣದು ಮಾಡಿ.

ಇನ್ನು ವಿಧಾನ. ‘ಇಂಟರ್ನ್‌ಶಿಪ್ಪಿನಲ್ಲಿ ಏನು ಕಲಿತಿರಿ?’ ಅಂತ ಪ್ರಶ್ನಾವಳಿ ಹಂಚಬೇಡಿ. ‘ತುಂಬಾ ಕಲಿತೆ’ ಅಂತ ಬರೆದು ಕೊಡುತ್ತಾರೆ, ಅಷ್ಟೇ. ಅದರ ಬದಲು ವಿದ್ಯಾರ್ಥಿ ಮಾಡಿದ ಟೈಮ್‌ಲೈನನ್ನೇ, ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತುಣುಕುಗಳನ್ನು ಜೋಡಿಸಿದ ಸಾಲನ್ನೇ, ಅವಳ ಮುಂದೆ ತೆರೆಯಿರಿ. ಪ್ಲೇ ಮಾಡಿ, ಕಟ್ ಬಂದ ಕಡೆ ನಿಲ್ಲಿಸಿ, ‘ಇಲ್ಲೇ ಯಾಕೆ?’ ಅಂತ ಕೇಳಿ ಸುಮ್ಮನೆ ಕೂರಿ. ಇದು ಹೊಸದಲ್ಲ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1950ರ ದಶಕದಲ್ಲೇ ತರಗತಿಯ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದ್ದರು. ನಿಮ್ಮ ಹತ್ತಿರ ಇನ್ನೊಂದು ಸಂಪತ್ತು ಇದೆ: ಆಟೋಸೇವ್ ಫೈಲ್‌ಗಳು, ಅಂದರೆ ಸಾಫ್ಟ್‌ವೇರ್ ಆಗಾಗ ತಾನೇ ಉಳಿಸಿಡುವ ಹಿಂದಿನ ಪ್ರತಿಗಳು. ಬೆಳಿಗ್ಗೆ ಆಸ್ಪತ್ರೆಯ ಮಾತು ಟೈಮ್‌ಲೈನಿನಲ್ಲಿತ್ತು, ಸೀನಿಯರ್ ನೋಡಿ ಹೋದ ಮೇಲಿನ ವರ್ಷನ್‌ನಲ್ಲಿ ಇಲ್ಲ. ಕಲಿಕೆ ನಡೆದ ಗಳಿಗೆಯೇ ಸಿಕ್ಕಿತು, ಅಲ್ವಾ? ಬರೀ ಪುಸ್ತಕ ಓದಿ ಬಂದ ಸಂಶೋಧಕರಿಗೆ ಆ ಫೋಲ್ಡರ್ ಇದೆ ಅನ್ನುವುದೇ ಹೊಳೆಯುವುದು ಕಷ್ಟ. ನಿಮಗೆ ಹೊಳೆಯುತ್ತದೆ. ಅನುಭವದ ಬೆಲೆ ಅಂದರೆ ಇದು.

ನಿಮ್ಮದೇ ನ್ಯೂಸ್‌ರೂಮ್ ಬೇಡ. ಅಲ್ಲಿ ನೀವು ಪ್ರೊಡ್ಯೂಸರ್. ಸಮ್ಮತಿ ಪತ್ರ ಮುಂದಿಟ್ಟರೆ ನಿಮ್ಮ ಶಿಫ್ಟಿನ ಹುಡುಗ ಆಗಲ್ಲ ಅನ್ನುವುದು ಹೇಗೆ? ಅವನ ರೋಸ್ಟರ್ ಹಾಕುವವರು ನೀವೇ. ಅನುಮತಿ ಪಡೆದು ಬೇರೆ ಸಂಸ್ಥೆಗೆ ಹೋಗಿ, ಇಲ್ಲವೇ ಕಾಲೇಜಿನ ಪ್ರಾಯೋಗಿಕ ಬುಲೆಟಿನ್ ಆರಿಸಿಕೊಳ್ಳಿ. ಇನ್ನೊಂದು ಕಾರಣವೂ ಇದೆ. ಗೊತ್ತಿರುವ ಜಾಗದಲ್ಲಿ ಕಣ್ಣು ಎಷ್ಟೋ ಸಂಗತಿಯನ್ನು ದಾಟಿಕೊಂಡು ಹೋಗಿಬಿಡುತ್ತದೆ.

ಓದು ಶುರು ಮಾಡುವಾಗ ಪತ್ರಿಕೋದ್ಯಮ ಶಿಕ್ಷಣದ ಚರಿತ್ರೆಯಿಂದ ಹೊರಡಿ. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗಲೇ ವಿದ್ಯಾರ್ಥಿಗಳು ನಿಜವಾದ ಪತ್ರಿಕೆ ತರುತ್ತಿದ್ದರು. ಪತ್ರಕರ್ತ ಹುಟ್ಟುತ್ತಾನೋ, ತಯಾರಾಗುತ್ತಾನೋ ಅನ್ನುವ ವಾದಕ್ಕೆ ಅಮೆರಿಕದ ಪತ್ರಿಕಾ ಒಡೆಯ ಜೋಸೆಫ್ ಪುಲಿಟ್ಜರ್ 1904ರಲ್ಲೇ ಉತ್ತರ ಬರೆದಿದ್ದರು. ಯುನೆಸ್ಕೋ 2007ರಲ್ಲಿ ಮಾದರಿ ಪಠ್ಯಕ್ರಮ ಹೊರತಂದಿತು. ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ, ನಿಮ್ಮ ‘ಅಂತರ’ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ.

ಆ ಪ್ರಾಧ್ಯಾಪಕರನ್ನು ಬಿಡಬೇಡಿ. ಮೊದಲ ಭೇಟಿಯಲ್ಲೇ ‘ಪ್ರಶ್ನೆ ಎಲ್ಲಿದೆ?’ ಅಂತ ಕೇಳುವ ಗೈಡ್ ಸಿಗುವುದು ಪುಣ್ಯ. ಒಂದೇ ಪುಟ ಬರೆದು ಮತ್ತೆ ಹೋಗಿ.

ಪ್ರಶ್ನೆ: ನಾನು ಕ್ಯಾಮೆರಾಮನ್. ಸಂಶೋಧನೆಗೆ ಸೇರಿದರೆ ಶೂಟಿಂಗ್ ಪೂರ್ತಿ ಬಿಡಬೇಕಾ?

ಉತ್ತರ: ಬೇಡ. ಓದುವ, ಫೀಲ್ಡ್‌ವರ್ಕ್ ಮಾಡುವ ದಿನಗಳಲ್ಲಿ ಸಣ್ಣಪುಟ್ಟ ಅಸೈನ್‌ಮೆಂಟ್ ತೆಗೆದುಕೊಳ್ಳಿ. ಕೈ ಚಾಲ್ತಿಯಲ್ಲಿರುತ್ತದೆ, ಮನೆ ಖರ್ಚಿಗೂ ಆಗುತ್ತದೆ. ಸಂದರ್ಶನಗಳನ್ನು ಅಕ್ಷರಕ್ಕಿಳಿಸಿ ಕೋಡಿಂಗ್‌ಗೆ, ಅಂದರೆ ಅವರ ಮಾತುಗಳನ್ನು ವಿಷಯವಾರು ಗುರುತು ಹಾಕಿ ವಿಂಗಡಿಸಲು, ಕೂತ ಮೇಲೆ ಮಾತ್ರ ಕೆಲವು ತಿಂಗಳು ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ದಿನ ಒಂದೇ ಮಾತು ಹೇಳಿದ್ದಾರೆ ಅಂತ ಗಮನಕ್ಕೆ ಬರುವುದು ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡಾಗ. ಮಧ್ಯದಲ್ಲಿ ಶೂಟಿಗೆ ಹೋಗಿ ಬಂದರೆ ಮತ್ತೆ ಮೊದಲ ಸಂದರ್ಶನದಿಂದ ಓದಬೇಕಾಗುತ್ತದೆ.