ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ನಿಯಮಪುಸ್ತಕವನ್ನೂ ಅದರ ಕಥಾಲೋಕವನ್ನೂ ಅಳೆಯುವುದು ಹೇಗೆ?

ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟವಿದು. ಇದರ ನಿಯಮಗಳು ಕಥಾಲೋಕಕ್ಕೆ ಹೊಂದುತ್ತವೆಯೇ ಎಂಬುದನ್ನು ಮೊದಲು ನೋಡಬೇಕು. 1981ರಲ್ಲಿ ಬಂದ ‘ಕಾಲ್ ಆಫ್ ಕ್ತುಲು’ ಎಂಬ ಭಯಾನಕ ಕಥೆಗಳ ಆಟದಲ್ಲಿ ಪಾತ್ರದ ಮಾನಸಿಕ ಸ್ಥಿಮಿತಕ್ಕೂ ಅಂಕಗಳಿವೆ. ಭಯಾನಕವಾದುದನ್ನು ಕಂಡಾಗ ದಾಳ ಉರುಳಿಸಬೇಕು, ಸೋತರೆ ಅಂಕಗಳು ಕರಗುತ್ತವೆ. ಹೀಗಾಗಿ ಭಯವು ವರ್ಣನೆಯಲ್ಲಷ್ಟೇ ಉಳಿಯದೆ ಆಟಗಾರನ ಕೈಯಲ್ಲಿರುವ, ಪಾತ್ರದ ಅಂಕಗಳನ್ನು ಬರೆದ ಹಾಳೆಗೂ ಇಳಿಯುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ವಿನ್ಯಾಸವೆಂದರೆ ಇದೇ.

ಮುಂದಿನದು ದಾಳದ ಲೆಕ್ಕ. 20 ಮುಖಗಳ ಒಂದೇ ದಾಳವಾದರೆ ಪ್ರತಿ ಸಂಖ್ಯೆಗೂ ಶೇಕಡ 5ರ ಸಮಾನ ಸಾಧ್ಯತೆಯಿರುವುದರಿಂದ ಫಲಿತಾಂಶ ಅತ್ತಿತ್ತ ಜಿಗಿಯುತ್ತದೆ. ಆರು ಮುಖಗಳ ಎರಡು ದಾಳಗಳನ್ನು ಕೂಡಿಸಿದರೆ 36 ಜೋಡಿಗಳ ಪೈಕಿ 6ರಲ್ಲಿ ಮೊತ್ತ 7 ಆಗುತ್ತದೆ, 12 ಆಗುವುದು ಒಂದರಲ್ಲಿ ಮಾತ್ರ; ಅಂದರೆ ಫಲಿತಾಂಶ ನಡುವಿನ ಸಂಖ್ಯೆಗಳತ್ತ ವಾಲುತ್ತದೆ. ಆದ್ದರಿಂದ ದಾಳದಲ್ಲಿ ಬಿದ್ದ ಸಂಖ್ಯೆಗೆ ‘ಒಂದು ಅಂಕ ಹೆಚ್ಚುವರಿ’ ಎಂಬ ಸಣ್ಣ ಅನುಕೂಲದ ಬೆಲೆ ಎರಡೂ ಪದ್ಧತಿಗಳಲ್ಲಿ ಒಂದೇ ಅಲ್ಲ.

ಕಥಾಲೋಕದ ವಿಷಯದಲ್ಲಿ ಸಾವಿರ ವರ್ಷಗಳ ವಂಶಾವಳಿಗಿಂತ, ಈಗ ಯಾರಿಗೆ ಯಾರೊಂದಿಗೆ ವೈಮನಸ್ಯವಿದೆ, ಅದರ ನಡುವೆ ಆಟಗಾರರು ಏನು ಮಾಡಬಹುದು ಎಂಬ ವಿವರವೇ ಹೆಚ್ಚು ಉಪಯುಕ್ತ. ಪದಸೂಚಿ ಇದೆಯೇ ಎಂದೂ ನೋಡಿ. ಆಟದ ನಡುವೆ ನಿಯಮ ಹುಡುಕುವಾಗ ಅದೇ ಕೈಹಿಡಿಯುತ್ತದೆ. ಕೊನೆಗೆ, ಪುಸ್ತಕವನ್ನಷ್ಟೇ ನೆಚ್ಚಿಕೊಂಡು ಒಂದು ಪಾತ್ರವನ್ನು ರಚಿಸಿ, ಚಿಕ್ಕದೊಂದು ಕಾಳಗವನ್ನು ಒಬ್ಬರೇ ಆಡಿ ನೋಡಿ.