ನನ್ನ 7.6, ಗೆಳೆಯನ 9.1: ಎರಡು ಯೂನಿವರ್ಸಿಟಿಗಳ ಸಿಜಿಪಿಎ ಹೋಲಿಸುವುದು ಹೇಗೆ?

ನಿಮ್ಮ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಗ್ರೇಡ್‌ಗಳ ಸರಾಸರಿ, 10ಕ್ಕೆ 7.6. ಬೇರೆ ಯೂನಿವರ್ಸಿಟಿಯಲ್ಲಿ ಅದೇ ಮೆಕ್ಯಾನಿಕಲ್ ಓದುವ ಗೆಳೆಯನದು 9.1. ಅವರ ಕೋರ್ಸ್ ಸುಲಭವೋ, ನಾನೇ ಹಿಂದೆ ಬಿದ್ದಿದ್ದೇನೋ ಅಂತ ಕೇಳಿದ್ದೀರಿ. ಬರೀ ಈ ಎರಡು ಅಂಕಿ ಇಟ್ಟುಕೊಂಡು ಅದನ್ನು ಯಾರೂ ಹೇಳಲಾರರು.

ನಾನು ಇದೇ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಮಾಸ್ಟರ್ಸ್ ಅರ್ಜಿಗಳನ್ನೂ ನೋಡುತ್ತೇನೆ. ಸಿಜಿಪಿಎಗಿಂತ ಮೊದಲು ನಾನು ಹುಡುಕುವುದು ಗ್ರೇಡ್ ಕೊಡುವ ನಿಯಮವನ್ನು. ಸಾಮಾನ್ಯವಾಗಿ ಮಾರ್ಕ್ಸ್ ಕಾರ್ಡ್ ಹಿಂಬದಿಯಲ್ಲೇ ಇರುತ್ತದೆ. ಕೆಲವು ಕಡೆ 90 ದಾಟಿದವರಿಗೆಲ್ಲ ಮೇಲಿನ ಗ್ರೇಡ್. ಇನ್ನು ಕೆಲವು ಕಡೆ ಕ್ಲಾಸಿನ ಸರಾಸರಿ ನೋಡಿ ಗ್ರೇಡ್ ಕೊಡುತ್ತಾರೆ. ಅಲ್ಲಿ ಸರಾಸರಿ 40 ಇದ್ದರೆ 62 ತೆಗೆದವರಿಗೂ ಎ ಸಿಗಬಹುದು. ಸರಾಸರಿ 75 ಇದ್ದರೆ ಅದೇ 62ಕ್ಕೆ ಸಿ ಬರಬಹುದು. ಒಂದೇ ಯೂನಿವರ್ಸಿಟಿಯಲ್ಲೂ ನಿಯಮ ಬದಲಾಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿ 2004ರಲ್ಲಿ ಎ ಗ್ರೇಡ್‌ಗಳನ್ನು ಶೇ. 35ರ ಒಳಗೆ ಇಡಬೇಕು ಅಂತ ನೀತಿ ತಂದು, 2014ರಲ್ಲಿ ಅದನ್ನು ಕೈಬಿಟ್ಟಿತು.

ಇನ್ನು ಒಂದು ದೇಶದ ಅಂಕವನ್ನು ಇನ್ನೊಂದು ದೇಶದ ಗ್ರೇಡ್‌ಗೆ ಬದಲಾಯಿಸುವ ಸೂತ್ರಗಳು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಅಂದರೆ ಬರೀ ಪಾಸ್. ನಮ್ಮ ಅಂಕವನ್ನು ಅದಕ್ಕೆ ಬದಲಾಯಿಸಲು, ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯುತ್ತಾರೆ. ಅದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸುತ್ತಾರೆ. 10ಕ್ಕೆ 8 ಬಂದು, ಪಾಸ್ ಅಂಕ 4 ಆಗಿದ್ದರೆ 2.0 ಬರುತ್ತದೆ. ಪಾಸ್ ಅಂಕ 5 ಆಗಿದ್ದರೆ ಅದೇ 8 ಸುಮ್ನೆ 2.2 ಆಗಿಬಿಡುತ್ತದೆ! ಪೇಪರ್ ಎಷ್ಟು ಕಷ್ಟ ಇತ್ತು ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಅಲ್ವಾ?

ಅದು ಗೊತ್ತಾಗುವುದು ಪ್ರಶ್ನೆಪತ್ರಿಕೆಯಲ್ಲಿ. ಶಾಖ ಹೇಗೆ ಹರಿಯುತ್ತದೆ ಅಂತ ಕಲಿಸುವ ಹೀಟ್ ಟ್ರಾನ್ಸ್‌ಫರ್ ವಿಷಯವನ್ನೇ ತೆಗೆದುಕೊಳ್ಳಿ. ಒಂದು ಪೇಪರ್, ಫಿನ್‌ನಲ್ಲಿ (ಶಾಖವನ್ನು ಗಾಳಿಗೆ ಬಿಡುವ ತೆಳು ಲೋಹದ ಪಟ್ಟಿ) ಉಷ್ಣತೆ ಹೇಗೆ ಇಳಿಯುತ್ತದೆ ಅನ್ನುವ ಸೂತ್ರವನ್ನು ಡಿರೈವ್ ಮಾಡಿ ಅನ್ನುತ್ತದೆ. ಟೆಕ್ಸ್ಟ್ ಬುಕ್ಕಿನಲ್ಲಿ ಇದ್ದದ್ದೇ, ಬಾಯಿಪಾಠ ಮಾಡಿದರೂ ನಡೆಯುತ್ತದೆ. ಇನ್ನೊಂದು ಪೇಪರ್, 65 ವ್ಯಾಟ್ ಶಾಖ ಬಿಡುವ ಪ್ರೊಸೆಸರ್‌ಗೆ ಹೀಟ್ ಸಿಂಕ್ (ಇಂಥ ಫಿನ್‌ಗಳಿಂದ ತಂಪು ಮಾಡುವ ಲೋಹದ ಭಾಗ) ಡಿಸೈನ್ ಮಾಡಿ, ಏನೇನು ಊಹಿಸಿಕೊಂಡಿರಿ ಅಂತ ಬರೆಯಿರಿ ಅನ್ನುತ್ತದೆ. ಇಲ್ಲಿ ಲೋಹ ಯಾವುದು, ಫಿನ್ ಎಷ್ಟು ಉದ್ದ, ಗಾಳಿಯ ವೇಗ ಎಷ್ಟು, ಎಲ್ಲವನ್ನೂ ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಉದ್ದ ಜಾಸ್ತಿ ಮಾಡುತ್ತಾ ಹೋದರೆ ಒಂದು ಹಂತದ ನಂತರ ಲಾಭವಿಲ್ಲ ಅನ್ನುವುದೂ ಹೊಳೆಯಬೇಕು. ಈ ಪೇಪರಿನ 62ಕ್ಕೆ ನಾನು ಮೊದಲನೆಯದರ 90ಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಎರಡೂ ಕೋರ್ಸ್‌ಗಳಿಗೆ ವಾಷಿಂಗ್ಟನ್ ಅಕಾರ್ಡ್ ಮಾನ್ಯತೆ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಎಂಜಿನಿಯರಿಂಗ್ ಕೋರ್ಸ್‌ಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳಲು ಮಾಡಿಕೊಂಡ 1989ರ ಆ ಒಪ್ಪಂದ ಕನಿಷ್ಠ ಮಟ್ಟಕ್ಕೆ ಖಾತ್ರಿ ಕೊಡುತ್ತದೆ. ಅದಕ್ಕಿಂತ ಮೇಲೆ ಯಾರು ಎಲ್ಲಿದ್ದಾರೆ ಅಂತ ಹೇಳುವುದಿಲ್ಲ.

ಹಾಗಾಗಿ ನೀವಿಬ್ಬರೂ ಎರಡು ಮೂರು ವಿಷಯಗಳ ಹಳೆಯ ಪೇಪರ್ ಅದಲು ಬದಲು ಮಾಡಿಕೊಂಡು, ಪುಸ್ತಕ ಮುಚ್ಚಿಟ್ಟು ಬರೆದು ನೋಡಿ. ಮುಂದೆ ಅರ್ಜಿ ಹಾಕುವಾಗ ಕ್ಲಾಸಿನಲ್ಲಿ ನಿಮ್ಮ ರ‍್ಯಾಂಕ್ ಎಷ್ಟು ಅನ್ನುವ ಪತ್ರವನ್ನು ಕಾಲೇಜಿನಿಂದ ಕೇಳಿ ಪಡೆಯಿರಿ. 7.6ರ ಪಕ್ಕದಲ್ಲಿ "120 ಜನರಲ್ಲಿ 9ನೇ ಸ್ಥಾನ" ಅಂತ ಇದ್ದರೆ, ಅರ್ಜಿ ನೋಡುವವರು ಆ 7.6 ಅನ್ನು ಬೇರೆಯೇ ರೀತಿ ಓದುತ್ತಾರೆ.